ಮಂಗಳೂರಿನ ಮಗಳು ಕಮಲಾದೇವಿ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರ ಜೀವನವನ್ನು ಕುರಿತು ನಾಲ್ಕು ಮಾತು ಬರೆಯುವ ವಾಡಿಕೆಯನ್ನು ನಾವು ಇಟ್ಟುಕೊಂಡಿದ್ದೇವೆ. ಕವಿಗಳಾದರು, ದಿವಾನರಾದರು, ಸಂಗೀತ ವಿದ್ವಾಂಸರಾದರು. ಈ ಸಲ ನಾವು ಆರಿಸಿಕೊಂಡಿರುವುದು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು. ಹೆಸರನ್ನು ಕೇಳಿ ಆಕೆ ಬಂಗಾಳದವರೆಂದು ಭಾವಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಆಕೆ ಮಂಗಳೂರಿನ ಮಗಳು. ಕಾಲೇಜಿಗೆ ಬಂದದ್ದು ನಮ್ಮ ಈ ಮದರಾಸಿಗೆ. 1988ರ ಅಕ್ಟೋಬರ್ 29ರಂದು ಆಕೆ ತೀರಿಕೊಂಡರು. ರಾಜ್ಯೋತ್ಸವಕ್ಕೆ ಮೂರೇ ದಿನ ಮುಂಚೆ ಬರುವ ಈ ಪುಣ್ಯತಿಥಿ ನಮ್ಮ ಹಬ್ಬದ ಗಡಿಬಿಡಿಯಲ್ಲಿ ಮರೆತೇ ಹೋಗುತ್ತದೆ.

ಗಡಿಬಿಡಿ ಎಂದೆವಷ್ಟೆ. ಅದನ್ನು ನಾವು ಹಂಚಿಕೊಳ್ಳುವ ರೀತಿಯನ್ನು ವಾಚಕರು ಬಲ್ಲರು. ಸಭಾಂಗಣ ಗೊತ್ತುಮಾಡುವುದು, ಅತಿಥಿಗಳನ್ನು ರೈಲು ನಿಲ್ದಾಣದಿಂದ ಕರೆತರುವುದು, ವೇದಿಕೆಯ ಮೇಲೆ ಕುಳಿತುಕೊಳ್ಳುವುದು ಗಂಡಸರ ಪಾಲು. ಬೇಳೆ ಬೇಯಿಸಿ, ಹೂರಣ ರುಬ್ಬಿ, ಬಂದವರಿಗೆಲ್ಲ ಹೋಳಿಗೆ ತಟ್ಟುವುದು ಹೆಂಗಸರ ಪಾಲು. ವಂದನಾರ್ಪಣೆಯಲ್ಲಿ ಮೊದಲಿನವರ ಹೆಸರುಗಳು ಒಂದೊಂದಾಗಿ ಬರುತ್ತವೆ. ಎರಡನೆಯವರಿಗೆ ಒಟ್ಟಾಗಿ ಒಂದು ಚಪ್ಪಾಳೆ. ಈ ಹಂಚಿಕೆಯನ್ನು ಯಾವ ಕಾರ್ಯಕಾರಿ ಸಮಿತಿಯೂ ಠರಾವು ಮಾಡಿ ಗೊತ್ತುಪಡಿಸಿದ್ದಲ್ಲ. ಹಾಗೆ ಬಂದಿದೆ, ಹಾಗೆ ನಡೆದಿದೆ.

ಹೆಂಗಸರಿಗೆ ಅಡುಗೆ ಹುಟ್ಟುಗುಣವೆಂದು ಹೇಳುವವರು ಮದರಾಸಿನ ಕನ್ನಡಿಗರಾಗಿದ್ದರೆ ಅದು ಸ್ವಲ್ಪ ತಮಾಷೆಯ ಮಾತೇ ಆಗುತ್ತದೆ. ಈ ಊರಿನಲ್ಲಿ ನಮ್ಮವರಿಗೆ ಹೆಸರು ಬಂದದ್ದೇ ಗಂಡಸರ ಕೈಯಡುಗೆಯಿಂದ. ದಕ್ಷಿಣ ಕನ್ನಡದ ಹುಡುಗರು ಹತ್ತು ಹನ್ನೆರಡರ ವಯಸ್ಸಿಗೇ ಇಲ್ಲಿಗೆ ಬಂದು, ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಹಿಟ್ಟು ರುಬ್ಬಿ, ಕಲ್ಲಿನ ಮುಂದೆ ದೋಸೆ ಹುಯ್ದು ದೊಡ್ಡವರಾದರು. ಕಡಂದಲೆಯ ಶ್ರೀ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಸಾವಿರ ಇಡ್ಲಿ ಬೇಯಿಸಬಲ್ಲ ಕೈ ಗಂಡಸಿನದು. ಆದರೆ ನಮ್ಮ ಎಷ್ಟೋ ಕುಟುಂಬಗಳಲ್ಲಿ ಅದೇ ಕೈ ಮನೆಯ ಹೊಸ್ತಿಲು ದಾಟಿದ ಕೂಡಲೇ ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಹೋಟೆಲಿನ ಒಲೆಗೆ ಸಂಬಳವುಂಟು, ಮನೆಯ ಒಲೆಗೆ ಇಲ್ಲ. ಕೆಲಸ ಒಂದೇ. ಅದಕ್ಕೆ ಹಣ ಬಂದಾಗ ಗಂಡಸಿನ ವೃತ್ತಿ; ಬಾರದಿದ್ದಾಗ ಹೆಂಗಸಿನ ಧರ್ಮ. ಕಮಲಾದೇವಿಯವರ ಎಂಬತ್ತೈದು ವರ್ಷಗಳ ಬಾಳಿನಲ್ಲಿ ಈ ಒಂದು ವಿಷಯ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಎದುರಾಯಿತೆಂದು ನಮಗೆ ತೋರುತ್ತದೆ. ಆದುದರಿಂದಲೇ ಆಕೆಯ ಜೀವನವನ್ನು ಈ ಕಡೆಯಿಂದ ನೋಡಲು ಹೊರಟಿದ್ದೇವೆ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ಸಾರಸ್ವತ ಮನೆತನ, ಮನೆಮಾತು ಕೊಂಕಣಿ, ಊರಮಾತು ತುಳು ಕನ್ನಡ. ತಂದೆ ಅನಂತಯ್ಯ ಧಾರೇಶ್ವರ ಅವರು ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿಯವರು ಮನೆಯಲ್ಲೇ ಪಾಠ ಹೇಳಿಸಿಕೊಂಡು ವಿದ್ಯಾವತಿಯಾಗಿದ್ದವರು. ಅಜ್ಜಿಯೂ ಪುರಾಣೇತಿಹಾಸಗಳನ್ನು ಚೆನ್ನಾಗಿ ಬಲ್ಲವರು. ಅಂತಹ ಮನೆಯ ನಾಲ್ಕು ಹೆಣ್ಣುಮಕ್ಕಳಲ್ಲಿ ಕೊನೆಯವರು ಕಮಲಾದೇವಿ. ಮಗುವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮರಣಪತ್ರ ಬರೆದಿಟ್ಟಿರಲಿಲ್ಲ. ಅಂದಿನ ಹಿಂದೂ ನ್ಯಾಯದಂತೆ ಆಸ್ತಿಯೆಲ್ಲ ಮೊದಲನೆಯ ಹೆಂಡತಿಯ ಮಗನಿಗೆ ಸೇರಿತು. ಇಷ್ಟು ವರ್ಷ ಆ ಮನೆಯನ್ನು ನಡೆಸಿದ ಗಿರಿಜಾಬಾಯಿಯವರಿಗೆ ದಕ್ಕಿದ್ದು ತಿಂಗಳಿಗಿಷ್ಟೆಂದು ಜೀವನಾಂಶ ಮಾತ್ರ.

ಗಿರಿಜಾಬಾಯಿಯವರು ಆ ಜೀವನಾಂಶವನ್ನು ಬೇಡವೆಂದರು. ತವರಿನಿಂದ ತಮಗೆ ಬಂದಿದ್ದ ಸ್ತ್ರೀಧನದಿಂದಲೇ ಮಕ್ಕಳನ್ನು ಬೆಳೆಸುವುದಾಗಿ ನಿರ್ಧರಿಸಿ, ಮನೆಯಿಂದ ಹೊರಟು ಬಂದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಗಂಡನ ಸಂಬಳದಿಂದ ಮನೆ ಕಟ್ಟಿದ್ದು, ತೋಟ ಕೊಂಡದ್ದು ನಿಜ. ಆದರೆ ಆ ಸಂಬಳ ತರಲು ಆತ ಬೆಳಿಗ್ಗೆ ಉಂಡು ಮಡಿಸಿದ ಬಟ್ಟೆಯುಟ್ಟು ನಿಶ್ಚಿಂತೆಯಿಂದ ಕಚೇರಿಗೆ ಹೋಗುವಂತೆ ಮಾಡಿದ್ದು ಯಾರು? ಬಂದ ಅತಿಥಿ ಅಭ್ಯಾಗತರನ್ನು ನೋಡಿಕೊಂಡದ್ದು, ಮಕ್ಕಳ ಜ್ವರಕ್ಕೆ ರಾತ್ರಿಯೆಲ್ಲ ಎದ್ದಿದ್ದದ್ದು, ಆಳುಕಾಳುಗಳ ಲೆಕ್ಕ ಇಟ್ಟದ್ದು ಯಾರು? ಈ ದುಡಿಮೆ ನ್ಯಾಯಾಲಯದ ಕಣ್ಣಿಗೆ ದುಡಿಮೆಯೇ ಆಗಿರಲಿಲ್ಲ. ಗಂಡನಿದ್ದಷ್ಟು ದಿನ ಆಕೆ ಮನೆಯೊಡತಿ. ಆತನ ಉಸಿರು ನಿಂತ ಮರುಗಳಿಗೆ ಅದೇ ಮನೆಯಲ್ಲಿ ಅನ್ನಾಶ್ರಿತೆ. ಏಳು ವರ್ಷದ ಹುಡುಗಿ ಇದನ್ನು ಕಣ್ಣಾರೆ ಕಂಡಳು. ಮುಂದೆ ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗಲೂ ತಾಯಿಯ ಚಿತ್ರ ಆಕೆಯ ಮನಸ್ಸಿನಿಂದ ಮಾಸಿರಲಿಲ್ಲ.

ತಾಯಿ ಮಕ್ಕಳಿಗೆ ಆಶ್ರಯವಾದದ್ದು ಸೋದರಮಾವನ ಮನೆ. ಸಮಾಜ ಸುಧಾರಣೆಯಲ್ಲಿ ಹೆಸರಾಗಿದ್ದ ಆ ಮನೆಗೆ ಗೋಪಾಲಕೃಷ್ಣ ಗೋಖಲೆ, ಶ್ರೀನಿವಾಸ ಶಾಸ್ತ್ರಿ ಮೊದಲಾದ ಹಿರಿಯರು ಬಂದುಹೋಗುತ್ತಿದ್ದರು. ಹುಡುಗಿಗೆ ರಾಜಕೀಯದ ಮಾತು ಕಿವಿಗೆ ಬಿದ್ದದ್ದು ಅಲ್ಲಿ. ಹಾಗಿದ್ದರೂ ಕಾಲದ ಕಟ್ಟಳೆ ತಪ್ಪಲಿಲ್ಲ. ಹದಿಹರೆಯದಲ್ಲೇ ಮದುವೆಯಾಯಿತು, ಎರಡು ವರ್ಷ ತುಂಬುವಷ್ಟರಲ್ಲಿ ವೈಧವ್ಯವೂ ಬಂದಿತು. ಅಕ್ಕ ಸಗುಣಾ ಕೂಡ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಸ್ವಲ್ಪ ಕಾಲದಲ್ಲಿ ತೀರಿಕೊಂಡಿದ್ದರು. ಅಂದಿನ ಬಾಲವಿಧವೆಯರಿಗೆ ಏನು ಗತಿಯಾಗುತ್ತಿತ್ತೆಂಬುದನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಕೆಂಪು ಸೀರೆ, ಒಂದು ಹೊತ್ತಿನ ಊಟ, ಮತ್ತು ಅಣ್ಣತಮ್ಮಂದಿರ ಮನೆಯ ಒಲೆಯ ಮುಂದೆ ಆಜೀವ ದುಡಿತ. ಕೂಡುಕುಟುಂಬದ ಎಷ್ಟು ಮನೆಗಳು ಇಂತಹ ಸಂಬಳವಿಲ್ಲದ ಕೈಗಳಿಂದ ನಡೆದವೆಂಬುದನ್ನು ಯಾರೂ ಲೆಕ್ಕ ಹಾಕಿಲ್ಲ. ಕಮಲಾದೇವಿಯವರು ಮಾತ್ರ ಓದು ಮುಂದುವರಿಸಿದರು. ತಾಯಿ ಬೆನ್ನಿಗಿದ್ದುದರಿಂದ ಇದು ಸಾಧ್ಯವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಓದಲು ಬಂದದ್ದು ಮದರಾಸಿಗೆ. ಮಂಗಳೂರು ಆಗ ಮದರಾಸು ಆಧಿಪತ್ಯದ ಪಟ್ಟಣ. 1956ರವರೆಗೂ ದಕ್ಷಿಣ ಕನ್ನಡದವರಿಗೆ ರಾಜಧಾನಿ ಇದೇ ಊರು. ಕಡಲ ದಂಡೆಯಲ್ಲಿ 1914ರಲ್ಲಿ ಪ್ರಾರಂಭವಾದ ಕ್ವೀನ್ ಮೇರಿ ಕಾಲೇಜಿನಲ್ಲಿ ಆಕೆ ವಿದ್ಯಾರ್ಥಿನಿಯಾದರು. ಮರೀನಾಕ್ಕೆ ಗಾಳಿಸೇವನೆಗೆಂದು ಹೋಗುವ ನಮ್ಮವರು ಆ ಕಟ್ಟಡದ ಮುಂದೆ ದಿನವೂ ಹಾದುಹೋಗುತ್ತಾರೆ. ಅಲ್ಲಿ ಸಹಪಾಠಿಯಾಗಿದ್ದವರು ಸರೋಜಿನಿ ನಾಯಿಡು ಅವರ ತಂಗಿ ಸುಹಾಸಿನಿ. ಸುಹಾಸಿನಿಯವರ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಹರೀಂದ್ರನಾಥರು ಕವಿ, ನಾಟಕಕಾರ, ನಟ. ಹೈದರಾಬಾದಿನಲ್ಲಿ ನೆಲಸಿದ್ದ ಬಂಗಾಳಿ ಮನೆತನದವರು. ನಾಟಕ ಸಂಗೀತಗಳ ಹುಚ್ಚು ಇಬ್ಬರಿಗೂ ಸಮನಾಗಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ಅವರ ಮದುವೆಯಾಯಿತು. ವಿಧವೆಯ ಮರುಮದುವೆ, ಅದೂ ಬೇರೆ ಪ್ರಾಂತದವರೊಡನೆ! ಮಡಿವಂತರ ಕೋಪ ಎಷ್ಟಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಮದರಾಸಿನಲ್ಲಿ ಆ ಕಾಲಕ್ಕೆ ಹೊಸ ರೀತಿಯ ದಾಂಪತ್ಯಗಳ ಮಾತು ಕೇಳಿಬರುತ್ತಿತ್ತು. ಡಾಕ್ಟರ್ ಮುತ್ತುಲಕ್ಷ್ಮಿಯವರು 1914ರಲ್ಲಿ ಡಾಕ್ಟರ್ ಸುಂದರ ರೆಡ್ಡಿಯವರನ್ನು ಮದುವೆಯಾಗುವ ಮುನ್ನ, ತಮ್ಮನ್ನು ಸರಿಸಮಾನರಂತೆ ಕಾಣಬೇಕು, ತಮ್ಮ ಇಚ್ಛೆಗೆ ಅಡ್ಡಬರಬಾರದು ಎಂದು ಷರತ್ತು ಹಾಕಿದ್ದರಂತೆ, ವರನು ಒಪ್ಪಿದ್ದರಂತೆ. ಒಪ್ಪಿದ್ದು ದೊಡ್ಡದು; ಆದರೆ ಇಂತಹ ಷರತ್ತನ್ನು ಹೆಣ್ಣು ಹಾಕಬೇಕಾಗಿ ಬಂದಿತೆಂಬುದೇ ಉಳಿದ ಮನೆಗಳ ಸ್ಥಿತಿಯನ್ನು ಹೇಳುತ್ತದೆ.

ಕಮಲಾದೇವಿ ಹರೀಂದ್ರರ ದಾಂಪತ್ಯವೂ ಒಂದು ಅರ್ಥದಲ್ಲಿ ಸಮಾನ ದುಡಿಮೆಯ ದಾಂಪತ್ಯವಾಗಿಯೇ ಹೊರಟಿತು. ಇಬ್ಬರೂ ಲಂಡನ್ನಿಗೆ ಹೋದರು. ಕಮಲಾದೇವಿಯವರು ಅಲ್ಲಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಹಿಂತಿರುಗಿದ ಮೇಲೆ ಊರೂರಿಗೆ ನಾಟಕ ತೆಗೆದುಕೊಂಡು ಹೋದರು. ಮನೆತನಸ್ಥ ಹೆಂಗಸು ರಂಗದ ಮೇಲೆ ಬರುವುದೆಂದರೆ ಮೂಗಿನ ಮೇಲೆ ಬೆರಳಿಡುತ್ತಿದ್ದ ಕಾಲ. 1931ರಲ್ಲಿ ತೆರೆಗೆ ಬಂದ ಮೃಚ್ಛಕಟಿಕದ ಮೂಕಿಚಿತ್ರದಲ್ಲಿಯೂ ಆಕೆ ನಟಿಸಿದರು, ನಮ್ಮ ಟಿ. ಪಿ. ಕೈಲಾಸಂ ಅವರೂ ಅದರಲ್ಲಿದ್ದರು. ರಾಮಕೃಷ್ಣನೆಂಬ ಒಬ್ಬ ಮಗ ಹುಟ್ಟಿದ. ಆದರೆ ದಾಂಪತ್ಯ ಬಹುಕಾಲ ಬಾಳಲಿಲ್ಲ. ಮನಸ್ಸು ಮುರಿದ ಮೇಲೆ ಲೋಕಾಪವಾದಕ್ಕಂಜಿ ಒಂದೇ ಸೂರಿನ ಕೆಳಗೆ ಮುಖ ತಿರುಗಿಸಿಕೊಂಡಿರದೆ, ಕಾನೂನಿನ ಮೂಲಕವೇ ಬೇರೆಯಾದರು. ಬಾಲವಿಧವೆ, ಮರುವಿವಾಹಿತೆ, ನಟಿ, ವಿಚ್ಛೇದಿತೆ. ಒಂದೊಂದೂ ಅಂದಿನ ಹೆಂಗಸನ್ನು ಮೂಲೆಗೆ ಕೂರಿಸಲು ಸಾಕಾಗುತ್ತಿತ್ತು. ಮುಂದೆ ಆಕೆ ದೇಶದ ದೊಡ್ಡ ಸಂಸ್ಥೆಗಳ ಅಧ್ಯಕ್ಷರಾದಾಗ ಈ ನಾಲ್ಕನ್ನೂ ಎತ್ತಿ ಆಡಿದವರು ಇದ್ದೇ ಇದ್ದರು. ಆಕೆ ಅದಕ್ಕೆ ಜವಾಬು ಕೊಡುತ್ತ ಕೂರಲಿಲ್ಲ.

ಈಗ ಸಾರ್ವಜನಿಕ ಜೀವನಕ್ಕೆ ಬರೋಣ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದಲ್ಲಿ ಸ್ವಯಂಸೇವಕಿಯರನ್ನು ತಯಾರುಮಾಡುವ ಕೆಲಸ ಆಕೆಯ ಮೊದಲ ರಾಜಕೀಯ ಕೆಲಸ. ಅಷ್ಟರಲ್ಲಿ ಮದರಾಸು ಆಧಿಪತ್ಯದ ಸ್ತ್ರೀಯರಿಗೆ 1921ರಲ್ಲಿ ಮತದಾನದ ಹಕ್ಕು ಬಂದಿತ್ತು; ಚುನಾವಣೆಗೆ ನಿಲ್ಲುವ ಹಕ್ಕು 1926ರಲ್ಲಿ ಬಂದಿತು. ಬಂದೊಡನೆ, ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ, ಇಪ್ಪತ್ತಮೂರು ವರ್ಷದ ಕಮಲಾದೇವಿಯವರು ಮದರಾಸು ಶಾಸನಸಭೆಗೆ ತಮ್ಮ ಜಿಲ್ಲೆಯಿಂದ ಉಮೇದುವಾರರಾದರು. ಭಾರತದಲ್ಲಿ ಚುನಾವಣೆಗೆ ನಿಂತ ಮೊಟ್ಟಮೊದಲ ಸ್ತ್ರೀಯರಲ್ಲಿ ಆಕೆ ಒಬ್ಬರು. ಕೆಲವೇ ಮತಗಳಿಂದ ಸೋತರು.

ಸೋಲಿಗೆ ಕಾರಣ ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ಆಗಿನ ಮತದಾರರು ಯಾರೆಂದು ನೋಡಬೇಕು. ಮತ ಹಾಕಲು ಆಸ್ತಿ ಇರಬೇಕು, ಇಲ್ಲವೆ ತೆರಿಗೆ ಕಟ್ಟಬೇಕು. ಜೀವಮಾನವೆಲ್ಲ ಮನೆಯಲ್ಲಿ ದುಡಿದ ಹೆಂಗಸಿನ ಹೆಸರಿನಲ್ಲಿ ಒಂದು ಮರವೂ ಇರುತ್ತಿರಲಿಲ್ಲ. ಹೀಗಾಗಿ ಹಕ್ಕು ಕಾಗದದ ಮೇಲಿದ್ದರೂ ಮತಪೆಟ್ಟಿಗೆಯವರೆಗೆ ಬರುವ ಹೆಂಗಸರು ಬೆರಳೆಣಿಕೆ. ಮನೆಗೆಲಸಕ್ಕೆ ಬೆಲೆಯಿಲ್ಲದ್ದರ ಫಲ ಅಡುಗೆಮನೆಯಲ್ಲಿಯೇ ನಿಲ್ಲದೆ ಶಾಸನಸಭೆಯವರೆಗೆ ಹೋಗುವುದೆಂದರೆ ಹೀಗೆ. ಮುಂದೆ 1935ರ ಶಾಸನದಲ್ಲಿ ಬ್ರಿಟಿಷರು ಒಂದು ಉಪಾಯ ಮಾಡಿದರು: ಆಸ್ತಿವಂತನ ಹೆಂಡತಿಗೆ, ಹೆಂಡತಿಯೆಂಬ ಕಾರಣಕ್ಕೇ ಮತ. ನಮ್ಮ ಸ್ತ್ರೀಸಂಘಗಳು ಇದನ್ನು ಒಪ್ಪದೆ ವಯಸ್ಕರಿಗೆಲ್ಲ ಮತವಿರಬೇಕೆಂದು ಹಟ ಹಿಡಿದವು. ಗಂಡನ ನೆರಳಾಗಿ ಸಿಗುವ ಹಕ್ಕು ಗಂಡನೊಡನೆಯೇ ಹೋಗುವ ಹಕ್ಕು. ಗಿರಿಜಾಬಾಯಿಯವರ ಮಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಕೂಡಿದಾಗ ಅದನ್ನು ಕಟ್ಟುವ ಕಾರ್ಯದರ್ಶಿತ್ವ ಕಮಲಾದೇವಿಯವರಿಗೆ ಬಂದಿತು. ಆ ಪರಿಷತ್ತಿನ ಪ್ರಯತ್ನದಿಂದ 1932ರಲ್ಲಿ ದಿಲ್ಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಸ್ಥಾಪನೆಯಾಗಿ, ಗೃಹವಿಜ್ಞಾನವೆಂಬುದು ಕಾಲೇಜಿನ ವಿಷಯವಾಯಿತು. ಆಹಾರ, ಆರೋಗ್ಯ, ಶಿಶುಪಾಲನೆ, ಮನೆಯ ಜಮಾಖರ್ಚು ಇವೆಲ್ಲ ಹುಟ್ಟುಗುಣವಲ್ಲ, ಕಲಿಯತಕ್ಕ ವಿದ್ಯೆ ಎಂದು ಒಪ್ಪಿಸಿದ್ದು ದೊಡ್ಡ ಮಾತೇ ಸರಿ. ಕಲಿಯತಕ್ಕ ವಿದ್ಯೆಯಾದ ಮೇಲೆ ಗಂಡುಹುಡುಗರೂ ಏಕೆ ಕಲಿಯಬಾರದು ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು. ಆ ತರಗತಿಯ ಬೆಂಚುಗಳಲ್ಲಿ ಹೆಣ್ಣುಮಕ್ಕಳೇ ಕುಳಿತರು. ನಮ್ಮ ಮಟ್ಟಿಗೆ ಇದು ಅರ್ಧ ಗೆಲುವು.

1930ರ ಉಪ್ಪಿನ ಸತ್ಯಾಗ್ರಹದ ಪ್ರಸಂಗ ಆಕೆಯ ಬಾಳಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದುದು. ಮಾರ್ಚ್ 12ರಂದು ಗಾಂಧೀಜಿಯವರು ಸಬರಮತಿಯಿಂದ ದಂಡಿಗೆ ಹೊರಟಾಗ ಅವರ ಹಿಂದೆ ಹೊರಟ 78 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರನ್ನು ಮುಂದೆ ನಿಲ್ಲಿಸಿಕೊಂಡು ಹೋರಾಡಿದರೆ ಹೇಡಿತನವೆನಿಸೀತೆಂಬುದು ಮಹಾತ್ಮರ ಅಭಿಪ್ರಾಯ. ಹೆಂಗಸರಿಗೆಂದು ಬೇರೆ ಕೆಲಸ ಹಂಚಿದ್ದರು. ಹೆಂಡದಂಗಡಿ, ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್. ನೋಡಿ, ಮನೆಯ ಕೆಲಸ ಹಂಚಿಕೆಯ ಪದ್ಧತಿ ಸ್ವಾತಂತ್ರ್ಯದ ಹೋರಾಟಕ್ಕೂ ಬಂದುಬಿಟ್ಟಿತ್ತು. ಕಮಲಾದೇವಿಯವರು ದಾರಿಯಲ್ಲಿ ಗಾಂಧೀಜಿಯವರನ್ನು ಕಂಡು ವಾದಿಸಿದರು. ಉಪ್ಪು ಅಡುಗೆಮನೆಯ ವಸ್ತು. ದಿನಬೆಳಗಾದರೆ ಅದನ್ನು ಅಳೆದು ಹಾಕುವವಳು ಹೆಂಗಸು. ಉಪ್ಪಿನ ಕರದ ಹೊರೆ ಮೊದಲು ತಿಳಿಯುವುದು ಅವಳಿಗೆ. ಉಪ್ಪಿನ ಜಗಳದಲ್ಲೇ ಅವಳಿಗೆ ಸ್ಥಳವಿಲ್ಲವೆಂದರೆ ಹೇಗೆ? ಇದು ನಾವು ನಮ್ಮ ಮಾತಿನಲ್ಲಿ ಹೇಳಿದ್ದು. ಆಕೆ ಹೇಗೆ ಹೇಳಿದರೋ, ಮಹಾತ್ಮರು ಒಪ್ಪಿದರು. ಏಪ್ರಿಲ್ 6ರಂದು ಮುಂಬಯಿಯಲ್ಲಿ ಕಾಯಿದೆ ಮುರಿಯಲು ಹೊರಟ ಮೊದಲ ತಂಡದಲ್ಲಿ ಅವಂತಿಕಾಬಾಯಿ ಗೋಖಲೆಯವರೂ ಕಮಲಾದೇವಿಯವರೂ ಇದ್ದರು.

ಮುಂದಿನ ದಿನಗಳಲ್ಲಿ ಮುಂಬಯಿಯ ಹೆಂಗಸರು ಮನೆಗಳಿಂದ ಬಿಂದಿಗೆ ಬಾಣಲೆಗಳನ್ನು ತೆಗೆದುಕೊಂಡು ಕಡಲ ದಂಡೆಗೆ ಬಂದರು. ಒಲೆ ಹೂಡಿ, ನೀರು ಕಾಯಿಸಿ, ಉಪ್ಪು ತೆಗೆದರು. ಮನೆಯಲ್ಲಿ ನಿತ್ಯವೂ ಮಾಡುವ ಕೆಲಸವೇ; ಕಡಲ ದಂಡೆಯಲ್ಲಿ ಮಾಡಿದಾಗ ಅದು ರಾಜದ್ರೋಹವಾಯಿತು. ಆ ಉಪ್ಪಿನ ಪೊಟ್ಟಣಗಳನ್ನು ಹಿಡಿದು ಕಮಲಾದೇವಿಯವರು ಷೇರು ಪೇಟೆಯೊಳಕ್ಕೂ ಹೋದರು, ಹೈಕೋರ್ಟಿನೊಳಕ್ಕೂ ಹೋದರು. ಕೊನೆಗೆ ಸೆರೆಮನೆ. ಮದರಾಸಿನಲ್ಲಿ ದುರ್ಗಾಬಾಯಿಯವರು ಅದೇ ವರ್ಷ ಉಪ್ಪಿನ ಸತ್ಯಾಗ್ರಹ ನಡೆಸಿ ಜೈಲು ಸೇರಿದ್ದನ್ನು ಇಲ್ಲಿಯವರು ಮರೆಯಬಾರದು. ಕಮಲಾದೇವಿಯವರ ಮಗನಿಗೆ ಆಗ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ತಂದೆಯಾದವರು ಜೈಲಿಗೆ ಹೋದರೆ ತ್ಯಾಗಿಯೆಂದು ಹಾರ ಹಾಕುತ್ತಿದ್ದ ಜನ, ತಾಯಿ ಹೋದರೆ ಮಗುವಿನ ಗತಿಯೇನೆಂದು ಕೇಳುತ್ತಿದ್ದರು. ಆ ಕಾಲದ ದೇಶಸೇವಕಿಯರೆಲ್ಲರೂ ಈ ಪ್ರಶ್ನೆಯನ್ನು ಹೊತ್ತೇ ಜೈಲಿಗೆ ಹೋದರು. ದೇಶಸೇವಕರನ್ನು ಯಾರೂ ಹಾಗೆ ಕೇಳಲಿಲ್ಲ. ಅವರ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬಾಕೆ ಇದ್ದೇ ಇದ್ದಳು.

ಅನಂತರದ ವರ್ಷಗಳನ್ನು ಬೇಗ ದಾಟುತ್ತೇವೆ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ, ಮತ್ತೆ ಸೆರೆಮನೆ, ದೇಶಾಂತರ ಪ್ರವಾಸ, 1944ರಲ್ಲಿ ಮಹಿಳಾ ಪರಿಷತ್ತಿನ ಅಧ್ಯಕ್ಷತೆ. 1939ರಲ್ಲಿ ಭಾರತೀಯ ಸ್ತ್ರೀಯರ ಜಾಗೃತಿಯನ್ನು ಕುರಿತ ಆಕೆಯ ಇಂಗ್ಲಿಷ್ ಪುಸ್ತಕ ನಮ್ಮ ಮದರಾಸಿನಲ್ಲಿಯೇ ಅಚ್ಚಾಯಿತು. ಸ್ತ್ರೀಯರ ಹೋರಾಟ ಗಂಡಸರ ಮೇಲಿನ ಯುದ್ಧವಲ್ಲವೆಂಬುದು ಆಕೆಯ ನಿಲುವು. ಗಂಡಸರನ್ನು ಬೈದು ಸುಮ್ಮನಾಗುವ ಬದಲು, ಹೆಂಗಸಿನ ದುಡಿಮೆಯನ್ನು ದುಡಿಮೆಯೆಂದು ಒಪ್ಪದ ವ್ಯವಸ್ಥೆಯನ್ನೇ ಬದಲಿಸಬೇಕು. ಕಾರ್ಖಾನೆಯಲ್ಲಿ ದುಡಿಯುವವಳಂತೆ ಮನೆಯಲ್ಲಿ ದುಡಿಯುವವಳೂ ದೇಶದ ಸಂಪತ್ತನ್ನು ಬೆಳೆಸುವವಳೇ ಎಂದು ಆಕೆಯೂ ಆಕೆಯ ಸಂಗಡಿಗರೂ ವಾದಿಸಿದರು. ಅದೇ ದಿನಗಳಲ್ಲಿ ಕಾಂಗ್ರೆಸ್ಸು ನೇಮಿಸಿದ ರಾಷ್ಟ್ರೀಯ ಯೋಜನಾ ಸಮಿತಿಯ ಸ್ತ್ರೀ ಉಪಸಮಿತಿಯು ರಾಣಿ ಲಕ್ಷ್ಮೀಬಾಯಿ ರಾಜವಾಡೆಯವರ ಅಧ್ಯಕ್ಷತೆಯಲ್ಲಿ ಕೂಡಿ, ಗೃಹಿಣಿಯ ಕೆಲಸಕ್ಕೆ ಆರ್ಥಿಕ ಬೆಲೆಯುಂಟು, ಆದಕಾರಣ ಕುಟುಂಬದ ಆದಾಯದ ಒಂದು ಭಾಗದ ಮೇಲೆ ಆಕೆಗೆ ಪೂರ್ಣ ಅಧಿಕಾರವಿರಬೇಕು ಎಂದು ಶಿಫಾರಸು ಮಾಡಿತು. ಆ ವರದಿ 1947ರಲ್ಲಿ ಅಚ್ಚಾಗಿ, ಹೊಸ ಸರಕಾರದ ಕಪಾಟು ಸೇರಿತು.

ಕಪಾಟಿನಿಂದ ಅದು ಹೊರಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಶಾಸನ ಜಾರಿಗೆ ಬಂದಿತು. ಕನ್ನಡನಾಡು ಒಂದಾದದ್ದು ಅದೇ ವರ್ಷ, ನಾಲ್ಕೂವರೆ ತಿಂಗಳ ಅನಂತರ. ನಾವು ನವೆಂಬರ್ 1ನ್ನು ಆಚರಿಸುತ್ತೇವೆ, ಜೂನ್ 17 ನಮ್ಮ ಯಾವ ಪಂಚಾಂಗದಲ್ಲಿಯೂ ಇಲ್ಲ. ಆ ಶಾಸನದ ಪ್ರಕಾರ, ಮರಣಪತ್ರವಿಲ್ಲದೆ ತೀರಿಕೊಂಡವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಗಿರಿಜಾಬಾಯಿಯವರ ಕಾಲಕ್ಕೆ ಇದು ಇದ್ದಿದ್ದರೆ ಮಂಗಳೂರಿನ ಆ ಮನೆಯಿಂದ ಅವರು ಹೊರಡಬೇಕಾಗಿರಲಿಲ್ಲ.

ಆದರೂ ಅಲ್ಲೊಂದು ಕೊರತೆ ಉಳಿಯಿತು. ಹೆಂಡತಿಗೆ ಪಾಲು ಸಿಗುವುದು ವಿಧವೆಯಾದಾಗ. ಗಂಡ ಬದುಕಿರುವಾಗ ಆಕೆಯ ಮನೆಗೆಲಸ ಯಾವ ಲೆಕ್ಕದಲ್ಲಿ? ಇದಕ್ಕೆ ಒಂದು ಉತ್ತರ ಬಂದದ್ದು ನಮ್ಮದೇ ಊರಿನ ಹೈಕೋರ್ಟಿನಿಂದ, 2023ರ ಜೂನ್ ತಿಂಗಳಲ್ಲಿ. ಗಂಡ ಬಹುಕಾಲ ಹೊರದೇಶದಲ್ಲಿ ದುಡಿದು ಹಣ ಕಳುಹಿಸಿದ್ದ. ಹೆಂಡತಿ ಇಲ್ಲಿ ಮಕ್ಕಳನ್ನು ಸಾಕಿ ಮನೆ ನಡೆಸಿದ್ದಳು. ಕೊಂಡ ಆಸ್ತಿ ಯಾರದೆಂದು ವ್ಯಾಜ್ಯ. ರಜೆಯೆಂಬುದೇ ಇಲ್ಲದ ಆಕೆಯ ದುಡಿತ ಇಲ್ಲದಿದ್ದರೆ ಆತ ನಿಶ್ಚಿಂತೆಯಿಂದ ಗಳಿಸುವುದು ಸಾಧ್ಯವಿರಲಿಲ್ಲವೆಂದೂ, ಆದ್ದರಿಂದ ಆ ಗಳಿಕೆಯಲ್ಲಿ ಆಕೆಗೂ ಸಮಪಾಲೆಂದೂ ಮದರಾಸು ಹೈಕೋರ್ಟು ತೀರ್ಪಿತ್ತಿತು. ಉಪಸಮಿತಿಯ ವರದಿ ಅಚ್ಚಾಗಿ ಅಷ್ಟರಲ್ಲಿ ಎಪ್ಪತ್ತಾರು ವರ್ಷ ಕಳೆದಿದ್ದವು.

ನ್ಯಾಯಾಲಯ ಒಪ್ಪಿದ್ದನ್ನು ಗಡಿಯಾರ ಇನ್ನೂ ಒಪ್ಪಿಲ್ಲ. ಭಾರತ ಸರಕಾರ 2019ರಲ್ಲಿ ಜನರ ದಿನಚರಿಯ ಎಣಿಕೆ ಮಾಡಿಸಿತು. ಮನೆಯವರಿಗಾಗಿ ಸಂಬಳವಿಲ್ಲದ ಗೃಹಕೃತ್ಯಕ್ಕೆ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ ಪುರುಷರು 97 ನಿಮಿಷ. ಅದೂ ಅಂತಹ ಕೆಲಸಕ್ಕೆ ಕೈಹಾಕಿದ ಪುರುಷರ ಲೆಕ್ಕ. ಕೈಹಾಕಿದವರೇ ನೂರಕ್ಕೆ ಇಪ್ಪತ್ತಾರು.

ಸ್ವಾತಂತ್ರ್ಯ ಬಂದ ಮೇಲೆ ಕಮಲಾದೇವಿಯವರು ಅಧಿಕಾರದ ರಾಜಕೀಯದಿಂದ ಹಿಂದೆ ಸರಿದರು. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿ, ದೇಶ ಒಡೆದಾಗ ನೆಲೆ ಕಳೆದುಕೊಂಡು ಬಂದ ನಿರಾಶ್ರಿತರಿಗಾಗಿ ದಿಲ್ಲಿಯ ಹತ್ತಿರ ಫರೀದಾಬಾದಿನಲ್ಲಿ ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾದರು. ಹೋರಾಟ ಬಿಟ್ಟು ಬುಟ್ಟಿ ಬೊಂಬೆಗಳ ಹಿಂದೆ ಬಿದ್ದರೆಂದು ಕೆಲವರು ಹಗುರವಾಗಿ ಮಾತನಾಡಿದರು. ನಮಗೆ ಹಾಗೆ ತೋರುವುದಿಲ್ಲ. ಇದು ಹಳೆಯ ಹೋರಾಟದ ಮುಂದಿನ ಅಧ್ಯಾಯವೇ.

ಕೈಮಗ್ಗದ ಮನೆಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ತಮಿಳುನಾಡಿನ ಸೇಲಂ ಕೊಯಮತ್ತೂರು ಕಡೆಗಳಲ್ಲಿ ತಲೆಮಾರುಗಳಿಂದ ನೆಲಸಿ ಇಂದಿಗೂ ಮನೆಯಲ್ಲಿ ಕನ್ನಡವನ್ನಾಡುವ ದೇವಾಂಗ ಬಂಧುಗಳ ಕಸುಬು ಇದೇ. ಮಗ್ಗದ ಗುಂಡಿಯಲ್ಲಿ ಕುಳಿತು ಲಾಳಿ ಎಸೆಯುವವನು ಸಾಮಾನ್ಯವಾಗಿ ಗಂಡಸು. ಆದರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದ್ದು, ಹಾಸಿಗೆ ಗಂಜಿ ಹಾಕಿ ಬಿಡಿಸಿದ್ದು, ಕಡಿದ ಎಳೆಗೆ ಎಳೆ ಕೂಡಿಸಿದ್ದು ಮನೆಯ ಹೆಂಗಸರು ಮಕ್ಕಳು. ಒಲೆಯ ಮೇಲೆ ಅನ್ನಕ್ಕಿಟ್ಟು ಅದು ಬೇಯುವ ಹೊತ್ತಿನಲ್ಲಿ ಕಂಡಿಕೆ ಸುತ್ತುತ್ತಾರೆ. ಸೀರೆ ಮುಗಿದಾಗ ಕೂಲಿ ಬರೆಯುವುದು ನೇಕಾರನ ಹೆಸರಿಗೆ. ಕುಂಬಾರನ ಮನೆಯಲ್ಲಿಯೂ ಹಾಗೆಯೇ. ಮಣ್ಣು ತರುವುದು, ತುಳಿದು ಹದಮಾಡುವುದು, ಬಣ್ಣ ಬಳಿಯುವುದು ಹೆಂಗಸಿನದು. ಎಷ್ಟೋ ಕಡೆ ಚಕ್ರವನ್ನು ಮಾತ್ರ ಆಕೆ ಮುಟ್ಟಬಾರದು, ಮಡಕೆಗೆ ಹೆಸರು ಚಕ್ರ ತಿರುಗಿಸಿದವನದು. ಇನ್ನು ಧಾರವಾಡದ ಕಸೂತಿ, ಬಂಗಾಳದ ಕಾಂಥಾ, ಇವೆಲ್ಲ ಪೂರ್ತಿಯಾಗಿ ಹೆಂಗಸರದೇ. ಆದರೆ ಅಡುಗೆ ಮುಗಿದ ಮೇಲೆ ಬಿಡುವಿನಲ್ಲಿ ಮಾಡುವ ಹವ್ಯಾಸವೆಂದು ಅವಕ್ಕೆ ಬೆಲೆ ಕಟ್ಟುವವರೇ ಇರಲಿಲ್ಲ. ಕಮಲಾದೇವಿಯವರು ಊರೂರು ಸುತ್ತಿ ಇಂತಹ ಕೈಗೆಲಸಗಳನ್ನು ಹುಡುಕಿ, ಅವಕ್ಕೆ ಮಾರುಕಟ್ಟೆ ಒದಗಿಸಿ, ಮಾಡಿದವರ ಕೈಗೆ ಹಣ ಬರುವಂತೆ ಮಾಡಿದರು. ಮನೆಯೊಳಗಿನ ಕೆಲಸ ಮನೆಯೊಳಗೇ ಇದ್ದುಕೊಂಡು ಲೆಕ್ಕದ ಪುಸ್ತಕದೊಳಕ್ಕೆ ಬಂದದ್ದು ಹೀಗೆ. ಎಲ್ಲ ಕಡೆಯೂ ಬಂದಿತೆಂದು ನಾವು ಹೇಳುವುದಿಲ್ಲ. ಕಂಡಿಕೆ ಸುತ್ತುವ ಕೈಗೆ ಬೇರೆ ಕೂಲಿ ಬರೆಯುವ ಮನೆಗಳು ಇಂದಿಗೂ ಕಡಿಮೆ.

1964ರಲ್ಲಿ ಆಕೆ ಸ್ಥಾಪಿಸಿದ ಭಾರತ ಕರಕುಶಲ ಪರಿಷತ್ತಿಗೆ ನಮ್ಮ ಚೆನ್ನೈಯೇ ಕೇಂದ್ರಸ್ಥಾನವಾಯಿತು. ಕಾಲೇಜು ಹುಡುಗಿಯಾಗಿ ಬಂದಿದ್ದ ಊರಿಗೆ ಆಕೆ ಹೀಗೆ ಮತ್ತೆ ಮತ್ತೆ ಬರುವಂತಾಯಿತು. 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1986ರಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ, ಆತ್ಮಕಥೆಯನ್ನು ಪ್ರಕಟಿಸಿದರು. ಅದರ ಇಂಗ್ಲಿಷ್ ಹೆಸರಿನಲ್ಲಿ ಒಳಗಿನ ಮೂಲೆಗಳೂ ಹೊರಗಿನ ಬಯಲೂ ಜೊತೆಜೊತೆಯಾಗಿ ಬರುತ್ತವೆ; ಒಳಮನೆಯನ್ನೂ ಹೊರಜಗಲಿಯನ್ನೂ ಬೇರ್ಪಡಿಸುವ ಹೊಸ್ತಿಲನ್ನು ಜೀವಮಾನವಿಡೀ ದಾಟುತ್ತಿದ್ದವರಿಗೆ ಒಪ್ಪುವ ಹೆಸರು. ಎರಡು ವರ್ಷಗಳ ಅನಂತರ ಮುಂಬಯಿಯಲ್ಲಿ ತೀರಿಕೊಂಡರು. ಹರೀಂದ್ರನಾಥರು ಇನ್ನೂ ಎರಡು ವರ್ಷ ಬದುಕಿದ್ದರು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಕಾರ್ಯಕಾರಿ ಸಮಿತಿಯಲ್ಲಿ ಓದಿದೆವು. ಓದಿದ ಮೇಲೆ ಮಹಿಳಾ ವಿಭಾಗದ ಹಿರಿಯರೊಬ್ಬರು ಮಾತಾಡದೆ ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ಅಕ್ಟೋಬರ್ 31ರ ಸಂಜೆ ಬೇಳೆ ಬೇಯಿಸಿ ಹೂರಣ ರುಬ್ಬುವವರ ಪಟ್ಟಿ ಅದು. ಹೆಸರು ಬರೆಯುವ ಜಾಗ ಖಾಲಿ ಇತ್ತು. ಹನ್ನೊಂದು ಮಂದಿ ಗಂಡಸರು ಸಹಿ ಹಾಕಿದ್ದೇವೆ. ಅವರಲ್ಲಿ ಮೂವರು ಹೋಟೆಲಿನವರಾದ್ದರಿಂದ ಹೋಳಿಗೆಯ ಬಗ್ಗೆ ಭಯವಿಲ್ಲ; ಉಳಿದವರು ತೆಂಗಿನಕಾಯಿ ತುರಿಯುವುದೆಂದೂ, ಮರುದಿನ ಊಟವಾದ ಮೇಲೆ ಪಾತ್ರೆ ತೊಳೆಯುವುದೆಂದೂ ಗೊತ್ತಾಗಿದೆ. ಇಬ್ಬರು ಸೊಂಟನೋವೆಂದು ತಿಳಿಸಿದ್ದಾರೆ. ಅವರು ಕುಳಿತು ಏಲಕ್ಕಿ ಬಿಡಿಸತಕ್ಕದ್ದು.